ಕೀಲೆಣ್ಣೆಯಿಂದ ನಲವತ್ತರ ಆಯಿಲ್‌ವರೆಗೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಗಂಗಾವತಿ ತಾಲೂಕಿನ ಮರಳಿ ಸುತ್ತಮುತ್ತಲ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರುಗಳಿಗೆ ಬಿಡುವಿಲ್ಲ. ಕಬ್ಬಿಣದ ಕೇಜ್‌ವೀಲ್ ತೊಟ್ಟು ಮೊಳಕಾಲುದ್ದದ ಕೆಸರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಈ ಯಂತ್ರಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ಕಂಡ ಹಳೆಯವೂ ಇವೆ. ಹಂಗಾಮಿಗೆ ಮುಂಚೆ ಆಯಿಲ್ ಬದಲಿಸಲು ಹೊರಟ ರೈತನ ಎದುರು ಅಂಗಡಿಯಲ್ಲಿ ನಾಲ್ಕಾರು ನಂಬರಿನ ಡಬ್ಬಗಳು ಸಾಲಾಗಿ ನಿಂತಿರುತ್ತವೆ. 'ಹಳೇ ಗಾಡಿ, ದಪ್ಪನೆಯ ಆಯಿಲ್ ಹಾಕಿ' ಎನ್ನುವವರು ಒಬ್ಬರು. 'ಈಗ ತೆಳು ಆಯಿಲ್ಲೇ ಒಳ್ಳೆಯದು, ಡೀಸೆಲ್ ಉಳಿಯುತ್ತದೆ' ಎನ್ನುವವರು ಇನ್ನೊಬ್ಬರು. ನಾಟಿಯ ಹೊತ್ತಿಗೆ ಎಂಜಿನ್ ಹಿಡಿದುಕೊಂಡಿತೆಂದರೆ ಹೋಗುವುದು ರಿಪೇರಿಯ ಹಣವಷ್ಟೇ ಅಲ್ಲ, ಒಂದು ಬೆಳೆಯ ಹದವೂ ಹೋಗುತ್ತದೆ. ಹಾಗಾದರೆ ಯಾರ ಮಾತು ಕೇಳಬೇಕು?

ಇದು ಡಬ್ಬದ ಆಯಿಲ್ ಜೊತೆಗೆ ಹುಟ್ಟಿದ ಪ್ರಶ್ನೆಯಲ್ಲ. ಎತ್ತಿನ ಬಂಡಿಯ ಕಾಲದಲ್ಲೂ ಇದೇ ಪ್ರಶ್ನೆ ಇತ್ತು. ಅದಕ್ಕೆ ಉತ್ತರವೂ ಇತ್ತು. ಉತ್ತರ ಕರ್ನಾಟಕದ ಒಣಬೇಸಾಯದ ಹೊಲಗಳಲ್ಲಿ ಔಡಲ ಗಿಡ ಅಪರೂಪದ್ದಲ್ಲ. ಅದರ ಬೀಜದಿಂದ ತೆಗೆದ ಔಡಲೆಣ್ಣೆ, ಅಂದರೆ ಹರಳೆಣ್ಣೆ, ದೀಪಕ್ಕೂ ಮದ್ದಿಗೂ ಬಂಡಿಯ ಅಚ್ಚಿಗೂ ಒದಗುತ್ತಿತ್ತು. ಅಚ್ಚಿಗೆ ಹಾಕುವಾಗ ಅದಕ್ಕೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಗಟ್ಟಿ ಮಾಡುತ್ತಿದ್ದರು. ಇದೇ ಕೀಲೆಣ್ಣೆ. ಬರಿ ಎಣ್ಣೆ ಹಾಕಿದರೆ ಬಿಸಿಲಿಗೆ ತೆಳುವಾಗಿ ಸೋರಿಹೋಗುತ್ತದೆ. ಕರಿ ಹೆಚ್ಚಾದರೆ ಗಾಲಿ ಬಿಗಿಯಾಗಿ ಎತ್ತು ದಣಿಯುತ್ತದೆ. ಅಚ್ಚಿಗೂ ಗಾಲಿಗೂ ನಡುವಿನ ಸಂದು ಎಷ್ಟು ಸವೆದಿದೆ, ಬಿಸಿಲು ಎಷ್ಟಿದೆ, ಹೇರು ಎಷ್ಟಿದೆ ಎಂಬ ಮೂರನ್ನೂ ನೋಡಿ ಹದ ಮಾಡುವುದು ಬಂಡಿ ಹೊಡೆಯುವವನ ಕಸುಬಿನ ಭಾಗವೇ ಆಗಿತ್ತು. ಭಾರತದ ಆರಂಭಕಾಲದ ರೈಲುಗಳಲ್ಲೂ ಹರಳೆಣ್ಣೆ ಕೀಲೆಣ್ಣೆಯಾಗಿ ಬಳಕೆಯಲ್ಲಿತ್ತು.

ಎಣ್ಣೆ ಏಕೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ಬಹುಕಾಲ ಗುಟ್ಟಾಗಿಯೇ ಉಳಿದಿತ್ತು. ಆ ಗುಟ್ಟು ಒಡೆದದ್ದು ಇಂಗ್ಲೆಂಡಿನಲ್ಲಿ, 1883ರಲ್ಲಿ. ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದರೆ, ಅಚ್ಚು ತಿರುಗುವಾಗ ಎಣ್ಣೆ ಅದೇ ತೂತಿನಿಂದ ಮೇಲಕ್ಕೆ ಉಕ್ಕತೊಡಗಿತು. ಮರದ ಬಿರಡೆ ಜಡಿದರು. ಎಣ್ಣೆ ಆ ಬಿರಡೆಯನ್ನೂ ಹೊರದಬ್ಬಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು ಹೋಗಿ, ಅಲ್ಲಿ ಹುಟ್ಟುವ ಒತ್ತಡದ ಮೇಲೆಯೇ ತೇಲುತ್ತದೆ ಎಂಬುದನ್ನು 1886ರಲ್ಲಿ ಓಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದರು. ಎಂಜಿನ್ ಒಳಗೆ ಕ್ರ್ಯಾಂಕ್‌ಶಾಫ್ಟ್ ತಿರುಗುವುದೂ ಹೀಗೆಯೇ. ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ತೆಳುವಾದ ಎಣ್ಣೆಯ ಪೊರೆ. ಎಣ್ಣೆ ತೀರ ತೆಳುವಾದರೆ ಪೊರೆ ಹರಿದು ಲೋಹ ಲೋಹಕ್ಕೆ ತಾಗುತ್ತದೆ. ತೀರ ದಪ್ಪವಾದರೆ ಎಣ್ಣೆ ಸಂದಿಗೆ ತಲುಪುವುದೇ ತಡವಾಗುತ್ತದೆ. ಪಠ್ಯಪುಸ್ತಕಗಳು ಸ್ನಿಗ್ಧತೆ ಎನ್ನುವುದು ಎಣ್ಣೆಯ ಈ ದಪ್ಪ-ತೆಳುವಿನ ಗುಣವನ್ನೇ.

ಮೋಟಾರು ಯುಗ ಬಂದಾಗಲೂ ಹರಳೆಣ್ಣೆ ಹಿಂದೆ ಬೀಳಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ಎಂಜಿನ್ ಎಣ್ಣೆಯೊಂದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಅದರಲ್ಲಿ ಬೆರೆತಿದ್ದ ಕ್ಯಾಸ್ಟರ್ ಆಯಿಲ್‌ನಿಂದ, ಅಂದರೆ ನಮ್ಮ ಹರಳೆಣ್ಣೆಯಿಂದ! ಮೊದಲ ಮಹಾಯುದ್ಧದ ಅನೇಕ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆಯ ಮೇಲೆಯೇ ಓಡಿದವು. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು ಎಂಬುದು ಒಂದು ಕಾರಣ. ಎಂಜಿನ್ ಉಗುಳಿದ ಎಣ್ಣೆಯ ಹನಿಗಳನ್ನು ನುಂಗಿದ ಪೈಲಟ್‌ಗಳ ಹೊಟ್ಟೆಯ ಪಾಡನ್ನು, ಮನೆಮದ್ದಾಗಿ ಹರಳೆಣ್ಣೆ ಕುಡಿದವರಿಗೆ ವಿವರಿಸಬೇಕಿಲ್ಲ. ಆದರೆ ಹರಳೆಣ್ಣೆ ಕಾದು ಕಾದು ಅಂಟಾಗುತ್ತದೆ. ಪದೇಪದೇ ಎಂಜಿನ್ ಬಿಚ್ಚಿ ತೊಳೆಯಬೇಕಾಗುತ್ತದೆ. ಕೊನೆಗೆ ಕಲ್ಲೆಣ್ಣೆಯಿಂದ ತೆಗೆದ ಖನಿಜ ಆಯಿಲ್ ಆ ಜಾಗವನ್ನು ಹಿಡಿಯಿತು.

ಕಣ್ಣಂದಾಜಿನ ಹದಕ್ಕೆ ಬದಲಾಗಿ ನಂಬರು ಬಂದದ್ದು ಈ ಹಂತದಲ್ಲಿ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಎಣ್ಣೆಗೆ ಮೊದಲ ಮಾನಕವನ್ನು ರೂಪಿಸಿತು. ಅದರ ಇಂದಿನ ಪಟ್ಟಿಯಲ್ಲಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ಇರುವ ಎಣ್ಣೆ 30ರ ದರ್ಜೆಯದು, 12.5ರಿಂದ 16.3ರವರೆಗೆ 40, 16.3ರಿಂದ 21.9ರವರೆಗೆ 50. ಕೋಣೆಯ ಉಷ್ಣತೆಯಲ್ಲಿ ನೀರಿನದು ಸುಮಾರು 1 ಎಂದರೆ ಅಂದಾಜು ಸಿಕ್ಕೀತು. ಹರಳೆಣ್ಣೆ 40 ಡಿಗ್ರಿಯಲ್ಲಿ ಸುಮಾರು 250 ಸೆಂಟಿಸ್ಟೋಕ್ ಇದ್ದು, 100 ಡಿಗ್ರಿಗೆ ಕಾದಾಗ 20ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬಂಡಿಯ ಎಣ್ಣೆ ಇಂದಿನ ಲೆಕ್ಕದಲ್ಲಿ 50ರ ಆಯಿಲ್! ಬಿಸಿಗೆ ಎಣ್ಣೆ ಎಷ್ಟು ತೆಳುವಾಗುತ್ತದೆ ಎಂಬುದಕ್ಕೂ ಇದೇ ಸಾಕ್ಷಿ.

20ಡಬ್ಲ್ಯೂ-40 ಎಂಬಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಕೊರೆಯುವ ಚಳಿಯಲ್ಲಿ ಎಂಜಿನ್ ಎಷ್ಟು ಸುಲಭವಾಗಿ ತಿರುಗೀತು ಎಂಬುದನ್ನು ಹೇಳುತ್ತದೆ; 20ಡಬ್ಲ್ಯೂಗೆ ಆ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಎರಡನೆಯ ಅಂಕಿ ಕಾದ ಎಂಜಿನ್ನಿನಲ್ಲಿ ಎಣ್ಣೆ ಉಳಿಸಿಕೊಳ್ಳುವ ದಪ್ಪವನ್ನು ಹೇಳುತ್ತದೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಿಗೆ ಮುಖ್ಯವಾದದ್ದು ಈ ಎರಡನೆಯ ಅಂಕಿಯೇ.

ಈ ಸೀಮೆಗೆ ಎಂಜಿನ್ನು ಬಂದದ್ದು ನೀರಿನ ಬೆನ್ನಹಿಂದೆ. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಗಂಗಾವತಿ ಆಗ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಕೊಪ್ಪಳ ಜಿಲ್ಲೆಗೆ ಸೇರಿತು. ಅತ್ತ ದೇಶದಲ್ಲಿ 1959ರಲ್ಲಿ ಐಷರ್, 1960ರ ದಶಕದಲ್ಲಿ ಮ್ಯಾಸ್ಸಿ ಫರ್ಗುಸನ್ ಮತ್ತು ಮಹೀಂದ್ರ, 1971ರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರುಗಳ ತಯಾರಿಕೆ ಶುರುವಾಯಿತು. ಬೆಂಗಳೂರು ಮೂಲದ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂಥ ಗಾಡಿ ಉಳಿಸಿಕೊಂಡವರಿಗೆ ಇಂದು ಕೇಳಲು ಕಂಪನಿಯಿಲ್ಲ. ಕೈಪಿಡಿ ಎಂದೋ ಹರಿದುಹೋಗಿರುತ್ತದೆ. ಆಯಿಲ್ ಆಯ್ಕೆ ಅವರ ವಿವೇಚನೆಗೇ ಬಿಟ್ಟದ್ದು.

ಹಳೆಯ ಡೀಸೆಲ್ ಎಂಜಿನ್ನುಗಳ ಕೈಪಿಡಿಗಳಲ್ಲಿ ಚಳಿಗೆ ತೆಳು, ಬಿಸಿಲಿಗೆ ದಪ್ಪ ಎಂದು ಹವೆಗೆ ತಕ್ಕ ಪಟ್ಟಿ ಇರುತ್ತಿತ್ತು. ನಮ್ಮ ಬಿಸಿಲಿಗೆ ಸಾಮಾನ್ಯವಾಗಿ ಒಗ್ಗಿ ಬಂದದ್ದು 40ರ ದರ್ಜೆ: 20ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40. ಈ ಎರಡೂ ಕಾದಾಗ ಒಂದೇ ದರ್ಜೆಯವು. ಈಚಿನ ಬೈಕು, ಕಾರುಗಳಿಗೆ ಹೇಳುವ 10ಡಬ್ಲ್ಯೂ-30ರಂಥ ತೆಳು ಆಯಿಲ್ ಇಂಧನ ಉಳಿಸುವುದು ನಿಜ. ಆದರೆ ಅದು ಬಿಗಿಯಾದ ಸಂದುಗಳಿಗೆಂದೇ ವಿನ್ಯಾಸಗೊಂಡ ಹೊಸ ಎಂಜಿನ್ನಿನ ಲೆಕ್ಕ. ಸವೆದ ಬೇರಿಂಗಿನ ಅಗಲ ಸಂದಿಯಲ್ಲಿ ಅದು ನಿಲ್ಲದೆ ಹರಿದುಹೋಗುತ್ತದೆ.

ಹಾಗೆಂದು ಹಳೆಯದಕ್ಕೆಲ್ಲ 50ರ ಆಯಿಲ್ ಸುರಿಯುವುದೂ ಜಾಣತನವಲ್ಲ. ಎಂಜಿನ್ ಹೆಚ್ಚು ಸವೆಯುವ ಹೊತ್ತು ಬೆಳಗಿನ ಮೊದಲ ಸ್ಟಾರ್ಟ್. ದಪ್ಪ ಆಯಿಲ್ ವಾಲ್ವ್‌ಗಳವರೆಗೆ ಏರುವಷ್ಟರಲ್ಲಿ ಲೋಹ ಒಣಗಿ ಉಜ್ಜಿಕೊಳ್ಳುತ್ತದೆ. ಜೊತೆಗೆ ದಪ್ಪ ಆಯಿಲ್ ಪ್ರೆಶರ್ ಮೀಟರಿನ ಮುಳ್ಳನ್ನು ಮೇಲೆತ್ತಿ ಬೇರಿಂಗಿನ ರೋಗವನ್ನು ಮುಚ್ಚಿಡುತ್ತದೆ. ಕಾದ ಎಂಜಿನ್ನಿನಲ್ಲಿ ಪ್ರೆಶರ್ ಬೀಳುತ್ತಿದ್ದರೆ ಮೊದಲು ಕಾರಣ ಹುಡುಕಬೇಕು. ಕೈಪಿಡಿಯಲ್ಲೇ ಬಿಸಿ ಹವೆಗೆ 50 ಎಂದಿದ್ದರೆ ಮಾತ್ರ ಒಂದು ಮೆಟ್ಟಿಲು ಏರಬಹುದು.

ಇನ್ನು ಕೆಲವು ತಪ್ಪು ತಿಳಿವಳಿಕೆಗಳೂ ಇವೆ. ಗೇರ್ ಆಯಿಲ್‌ನ 90, ಎಂಜಿನ್ನಿನ 40ರ ಎರಡರಷ್ಟು ದಪ್ಪ ಎಂದು ಅನೇಕರ ನಂಬಿಕೆ. ಅವೆರಡೂ ಬೇರೆ ಬೇರೆ ಅಳತೆಯ ಪಟ್ಟಿಗಳು. 90ರ ಗೇರ್ ಆಯಿಲ್ ದಪ್ಪದಲ್ಲಿ 40 ಅಥವಾ 50ರ ಎಂಜಿನ್ ಆಯಿಲ್‌ಗೆ ಸರಿಸುಮಾರು ಸಮ. ಆದರೂ ಒಂದರ ಬದಲು ಇನ್ನೊಂದು ಸಲ್ಲದು, ಬೆರೆಸಿದ ರಾಸಾಯನಿಕಗಳು ಬೇರೆ. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾದರೆ ಅದು ಕೆಟ್ಟಿತೆಂದಲ್ಲ, ಮಸಿಯನ್ನು ತೊಳೆದು ತನ್ನೊಳಗೆ ಹಿಡಿದಿಟ್ಟುಕೊಂಡಿದೆ ಎಂದರ್ಥ. ಹೆದರಬೇಕಾದದ್ದು ಅಳತೆ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದಾಗ. ಡೀಸೆಲ್ಲೋ ನೀರೋ ಒಳಗೆ ಸೋರುತ್ತಿದೆ ಎಂಬ ಸೂಚನೆ ಅದು. ಹೀಗೆ ಕೆಟ್ಟ ಆಯಿಲ್‌ಗೆ ಡಬ್ಬದ ಮೇಲಿನ ನಂಬರು ಅನ್ವಯಿಸುವುದಿಲ್ಲ.

ಅಚ್ಚಿನ ಸವೆತ, ಬಿಸಿಲು, ಹೇರು ಎಂಬ ಬಂಡಿಕಾರನ ಮೂರು ಲೆಕ್ಕಗಳು ಇಂದಿಗೂ ಬದಲಾಗಿಲ್ಲ. ಎಣ್ಣೆಯ ಹದವನ್ನು ಇಂದು ಕಾರ್ಖಾನೆ ಮಾಡಿಕೊಡುತ್ತದೆ. ಎಂಜಿನ್ನಿನ ಹದ ಅರಿಯುವ ಕೆಲಸ ಮಾತ್ರ ಅದನ್ನು ಓಡಿಸುವವರಿಗೇ ಉಳಿದಿದೆ.