ಸಿ ಕಲಿತವರಿಗೆ ಜಾವಾ ತಲೆಗೆ ಹತ್ತುವುದಿಲ್ಲವೇ?

‘ಮೊದಲು ಸಿ ಕಲಿತರೆ ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ, ಆಮೇಲೆ ಜಾವಾ ಬರುವುದೇ ಇಲ್ಲ.’ ಇಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಸುತ್ತುವ ಮಾತಿದು. ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ‘ಸಿ ಬಂದರೆ ಸಾಕು, ಉಳಿದದ್ದು ತಾನಾಗಿಯೇ ಬರುತ್ತದೆ.’ ಎರಡೂ ಸರಿಯಲ್ಲ.

ಯಲಹಂಕ, ಹೆಬ್ಬಾಳದ ಕಡೆಯ ಕಾಲೇಜುಗಳ ಮಕ್ಕಳಿಗೆ ಇದು ಬರೀ ಚರ್ಚೆಯ ವಿಷಯವಲ್ಲ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಮೊದಲ ವರ್ಷ ಸಿ, 3ನೇ ಸೆಮಿಸ್ಟರ್‌ನಲ್ಲಿ ಜಾವಾ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿನ ‘ಊಪ್ಸ್’. ಅಲ್ಲಿ ತಡವರಿಸಿದವರು ‘ನನಗೆ ಕೋಡಿಂಗ್ ಆಗಿಬರಲ್ಲ’ ಎಂದುಕೊಂಡುಬಿಡುತ್ತಾರೆ.

ತಲೆ ಕೆಡುತ್ತದೆ ಎಂಬ ಮಾತಿಗೆ ಹಳೆಯ ನಂಟೊಂದಿದೆ. ಬೇಸಿಕ್ ಭಾಷೆ ಮೊದಲು ಕಲಿತವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದೇ ಕಷ್ಟ ಎಂದು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1975ರಲ್ಲಿ ಕಟುವಾಗಿ ಬರೆದಿದ್ದರು. ಅವರು ಬೈದದ್ದು ಬೇಸಿಕ್ಕನ್ನು, ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗನ್ನಲ್ಲ. ಅದರ ದೊಡ್ಡ ಪ್ರತಿಪಾದಕರಲ್ಲಿ ಅವರೇ ಒಬ್ಬರು!

ಹಾಗಾದರೆ ನಿಜವಾಗಿ ಬದಲಾಗುವುದೇನು? ಯಶವಂತಪುರ ಮೆಟ್ರೋ ನಿಲ್ದಾಣದ ಗೇಟನ್ನೇ ತೆಗೆದುಕೊಳ್ಳೋಣ (ಮೆಟ್ರೋದ ಅಸಲಿ ಸಾಫ್ಟ್‌ವೇರ್ ಹೀಗೇ ಇದೆ ಎಂದಲ್ಲ, ಇದು ನಮ್ಮ ಉದಾಹರಣೆ). ಸಿ ಕಲಿತವರು ಕಾರ್ಡಿನ ವಿವರಗಳನ್ನು ಒಂದು ಸ್ಟ್ರಕ್ಟ್‌ನಲ್ಲಿಟ್ಟು, ಹಣ ಕಳೆಯಲು ಬೇರೆ ಫಂಕ್ಷನ್ ಬರೆಯುತ್ತಾರೆ. ಕೆಲಸ ಆಗುತ್ತದೆ. ಆದರೆ ಆ ಬ್ಯಾಲೆನ್ಸನ್ನು ಪ್ರೋಗ್ರಾಮಿನ ಇನ್ನಾವುದೋ ಮೂಲೆಯ ಸಾಲೊಂದು ಮೈನಸ್ 500 ಮಾಡಿದರೂ ತಡೆಯುವವರಿಲ್ಲ. ಕ್ಲಾಸ್‌ನಲ್ಲಿ ಬ್ಯಾಲೆನ್ಸ್ ಪ್ರೈವೇಟ್. ಹಣ ಕಳೆಯಬೇಕಾದರೆ ಕಾರ್ಡನ್ನೇ ಕೇಳಬೇಕು. ಸಾಲದಿದ್ದರೆ ಅದೇ ‘ಆಗಲ್ಲ’ ಎನ್ನುತ್ತದೆ.

ಈಗ ಕಾರ್ಡ್ ಜೊತೆಗೆ ಟೋಕನ್ ಇದೆ, ಕ್ಯೂಆರ್ ಟಿಕೆಟ್ ಬಂತು ಎಂದುಕೊಳ್ಳಿ. ಸಿ ರೂಢಿಯಲ್ಲಿ ‘ಕಾರ್ಡ್ ಆದರೆ ಹೀಗೆ, ಟೋಕನ್ ಆದರೆ ಹಾಗೆ’ ಎಂಬ ಇಫ್-ಎಲ್ಸ್ ಸರಪಳಿ ಬೆಳೆಯುತ್ತದೆ. ಹೊಸ ಟಿಕೆಟ್ ಬಂದಾಗಲೆಲ್ಲ ಪ್ರವೇಶ, ನಿರ್ಗಮನ, ದಂಡ ಹೀಗೆ ಪ್ರತಿ ಫಂಕ್ಷನ್ ಹುಡುಕಿ ತಿದ್ದಬೇಕು. ಒಂದು ಕಡೆ ಮರೆತರೆ ಗೇಟು ತೆರೆಯುವುದಿಲ್ಲ. ಊಪ್ಸ್‌ನಲ್ಲಿ ಗೇಟು ಕೇಳುವುದು ಒಂದೇ ಪ್ರಶ್ನೆ: ‘ಒಳಗೆ ಬಿಡಬಹುದೇ?’ ಕಾರ್ಡ್ ತನ್ನ ಹಣ ನೋಡಿ ಉತ್ತರಿಸುತ್ತದೆ, ಕ್ಯೂಆರ್ ತನ್ನ ಅವಧಿ ನೋಡಿ. ಪಾಲಿಮಾರ್ಫಿಸಂ ಎಂಬ ದೊಡ್ಡ ಹೆಸರಿನ ಹಿಂದಿರುವುದು ಇಷ್ಟೇ. ಪರೀಕ್ಷೆಗೆ ಅದರ ವ್ಯಾಖ್ಯೆ ಬಾಯಿಪಾಠ ಮಾಡುವುದಕ್ಕಿಂತ ಇಂಥ ಒಂದು ಇಫ್-ಎಲ್ಸ್ ಸರಪಳಿ ಕಳಚಿ ನೋಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಸಿಯಿಂದ ಬಂದವರು ಎಡವುವುದು ಇಲ್ಲೇ. ಸಿಂಟ್ಯಾಕ್ಸ್ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಹಳೆಯ ಪ್ರೋಗ್ರಾಮನ್ನೇ ಒಂದು ಕ್ಲಾಸ್ ಒಳಗೆ ತುಂಬಿ, ಎಲ್ಲದಕ್ಕೂ ಸ್ಟ್ಯಾಟಿಕ್ ಹಚ್ಚುತ್ತಾರೆ. ಅದು ಜಾವಾ ವೇಷದ ಸಿ. ಅಥವಾ ಪ್ರತಿ ಪ್ರೈವೇಟ್ ವೇರಿಯಬಲ್‌ಗೂ ಗೆಟ್-ಸೆಟ್ ಬರೆದು, ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ನೇತುಹಾಕುತ್ತಾರೆ.

ಹಾಗೆಂದು ಸಿ ವ್ಯರ್ಥವಲ್ಲ. ಪ್ರತಿ ಮೆಥಡ್‌ನ ಒಳಗೆ ಇರುವುದು ಅದೇ ಲೂಪು, ಅದೇ ಇಫ್. ಸಿ++ ಕೂಡ 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಸಿಗೆ ಕ್ಲಾಸ್‌ಗಳನ್ನು ಸೇರಿಸಲು ಹೊರಟಾಗ ಹುಟ್ಟಿದ ಭಾಷೆ. ಕ್ಲಾಸ್‌ನ ಕಲ್ಪನೆ ಅವರಿಗೆ ಸಿಕ್ಕಿದ್ದು ನಾರ್ವೆಯ ಸಿಮುಲಾದಿಂದ. ಬಹುಪಾಲು ಸಿಯಲ್ಲೇ ಇರುವ ಲಿನಕ್ಸ್ ಕರ್ನಲ್ ಕೂಡ ಸ್ಟ್ರಕ್ಟ್ ಒಳಗೆ ಫಂಕ್ಷನ್ ಪಾಯಿಂಟರ್ ಇಟ್ಟು ಇದೇ ಕೆಲಸ ಮಾಡುತ್ತದೆ.

ಅಭ್ಯಾಸಕ್ಕೆ ಹೊಸ ಕೋರ್ಸಿಗೆ ದುಡ್ಡು ಕಟ್ಟಬೇಕಿಲ್ಲ. ನಿಮ್ಮದೇ ಹಳೆಯ ಸಿ ಲ್ಯಾಬ್ ರೆಕಾರ್ಡ್ ತೆರೆದು, ಸ್ಟ್ರಕ್ಟ್ ಇರುವ ಒಂದು ಪ್ರೋಗ್ರಾಂ ಆರಿಸಿ. ಯಾವ ಫಂಕ್ಷನ್ ಯಾವ ಮಾಹಿತಿಯನ್ನು ಮುಟ್ಟುತ್ತದೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಒಂದೇ ಸ್ಟ್ರಕ್ಟ್‌ಗೆ ಹೋಗುವ ಗೆರೆಗಳೆಲ್ಲ ಸೇರಿದರೆ ನಿಮ್ಮ ಮೊದಲ ಕ್ಲಾಸ್. ಎರಡು ಸ್ಟ್ರಕ್ಟ್‌ಗಳಿಗೂ ಗೆರೆ ಹೋಗುವ ಫಂಕ್ಷನ್ ಸಿಕ್ಕರೆ ಅವಸರ ಬೇಡ, ಅದು ಯಾರ ಕೆಲಸ ಎಂದು ಗೆಳೆಯರ ಜೊತೆ ಜಗಳವಾಡಿ ತೀರ್ಮಾನಿಸಿ.