ಅಡಗಿ ಕುಳಿತ ಕೋರೆಹಲ್ಲು

ಬಯಲಾಟದ ರಾಕ್ಷಸನಿಗೆ ಕೋರೆಹಲ್ಲಿಲ್ಲದಿದ್ದರೆ ವೇಷ ಪೂರ್ತಿಯಾಗದು. ಮನುಷ್ಯರ ಬಾಯಲ್ಲಿ ಮಾತ್ರ ಈ ಹಲ್ಲು ಕೆಲವೊಮ್ಮೆ ಹೊರಗೆ ಬರುವುದೇ ಇಲ್ಲ. ಮೇಲ್ದವಡೆಯ ಕೋರೆಹಲ್ಲಿನ ಮೊಳಕೆ ಹುಟ್ಟುವುದು ಮೂಗಿನ ಪಕ್ಕದಲ್ಲಿ, ಬಹಳ ಎತ್ತರದಲ್ಲಿ. ಅದು ಇಳಿದು ವಸಡಿನಿಂದ ಹೊರಬರುವ ಹೊತ್ತಿಗೆ ಮಗುವಿಗೆ 11-12 ವರ್ಷವಾಗಿರುತ್ತದೆ. ನೂರಕ್ಕೆ ಒಬ್ಬಿಬ್ಬರಲ್ಲಿ ಅದು ದಾರಿ ತಪ್ಪಿ ಮೂಳೆಯೊಳಗೇ, ಹೆಚ್ಚಾಗಿ ಅಂಗುಳಿನ ಕಡೆಗೆ, ಉಳಿದುಬಿಡುತ್ತದೆ. ನೋವಿಲ್ಲದ್ದರಿಂದ ಮನೆಯವರಿಗೆ ತಿಳಿಯುವುದಿಲ್ಲ. ಆದರೆ ಪಕ್ಕದ ಬಾಚಿಹಲ್ಲಿನ ಬೇರನ್ನು ಅದು ಸದ್ದಿಲ್ಲದೆ ಸವೆಸಬಲ್ಲದು.

ವಸಡು ತೆರೆದು, ಅಡಗಿದ ಹಲ್ಲಿಗೆ ಪುಟ್ಟ ಕೊಂಡಿ ಅಂಟಿಸಿ, ತಂತಿಗೆ ಕಟ್ಟಿ ಮೆಲ್ಲಗೆ ಎಳೆಯುವುದು ರೂಢಿಯ ಚಿಕಿತ್ಸೆ. ಜನರ ಮಾತಿನಲ್ಲಿ ಇದೂ 'ಕ್ಲಿಪ್ ಹಾಕಿಸುವುದೇ'. ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಹೀಗಾಗಿ ಎರಡು ವರ್ಷ ಹಿಡಿಯುವುದು ಸಾಮಾನ್ಯ. ಪರೀಕ್ಷೆ, ಮದುವೆಗಳ ಲೆಕ್ಕದಲ್ಲಿ ಬದುಕುವ ನಮ್ಮ ಕುಟುಂಬಗಳಿಗೆ ಇದು ದೀರ್ಘಕಾಲವೇ ಸರಿ.

ಈ ಅವಧಿಯನ್ನು ಕತ್ತರಿಸಲು ಹೊರಟವರಲ್ಲಿ ಆಸ್ಟ್ರಿಯಾದ ಹೈನ್ರಿಕ್ ಕ್ಯೋಲೆ ಪ್ರಮುಖ. ಹಲ್ಲುಗಳ ನಡುವಿನ ಗಟ್ಟಿ ಹೊರಮೂಳೆಯನ್ನು ಸೀಳಿದರೆ, ಹಲ್ಲು ಸುತ್ತಲಿನ ಮೂಳೆಯ ತುಂಡಿನ ಸಮೇತ ಬೇಗ ಸರಿಯುತ್ತದೆ ಎಂದು ಅವರು 1959ರಲ್ಲಿ ಬರೆದರು. ವೇಗವೇನೋ ನಿಜ, ಕೊಟ್ಟ ಕಾರಣ ಮಾತ್ರ ತಪ್ಪು. ಪೆಟ್ಟುಬಿದ್ದ ಮೂಳೆಯ ಆಸುಪಾಸಿನಲ್ಲಿ ದುರಸ್ತಿ ಕೆಲಸ ಹಲವು ಪಟ್ಟು ಚುರುಕಾಗುತ್ತದೆಂದು ಅಮೆರಿಕದ ಮೂಳೆತಜ್ಞ ಹೆರಾಲ್ಡ್ ಫ್ರಾಸ್ಟ್ 1983ರಲ್ಲಿ ವಿವರಿಸಿದರು. ಆ ಸುಳಿವನ್ನು ಹಲ್ಲಿಗೆ ಅನ್ವಯಿಸಿದವರು ಪೆನ್ಸಿಲ್ವೇನಿಯಾದ ವಿಲ್ಕೊ ಸಹೋದರರು, 2001ರಲ್ಲಿ. ಮೂಳೆ ತುಂಡಾಗಿ ಚಲಿಸುವುದಿಲ್ಲ, ಸುಣ್ಣದ ಅಂಶ ಕಳೆದುಕೊಂಡು ಕೆಲಕಾಲ ಮೆದುವಾಗುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ ಎಂದು ಅವರು ಸ್ಕ್ಯಾನ್‌ಗಳ ಆಧಾರದಿಂದ ವಾದಿಸಿದರು. ಅಡಗಿದ ಕೋರೆಹಲ್ಲಿನ ಮೇಲೆಯೇ ಇದನ್ನು ಪರೀಕ್ಷಿಸಿದ ಫಿಶರ್ ಎಂಬುವರು 2007ರಲ್ಲಿ ಶೇಕಡ 28ರಿಂದ 33ರಷ್ಟು ಸಮಯ ಉಳಿಯಿತೆಂದು ವರದಿ ಮಾಡಿದರು. ಆದರೆ ಅವರ ರೋಗಿಗಳು ಕೇವಲ ಆರು ಮಂದಿ! ಆರು ಬಾಯಿಗಳ ಲೆಕ್ಕ ನಂಬಿ ಎಲ್ಲರ ಮೂಳೆಗೂ ಗೀರು ಹಾಕಲಾದೀತೆ? 2015ರ ಕಾಕ್ರೇನ್ ಪರಾಮರ್ಶೆಗೂ ಇಂಥ ಶಸ್ತ್ರಕ್ರಿಯೆಗಳ ಪರವಾಗಿ ಗಟ್ಟಿ ಪುರಾವೆ ದೊರೆಯಲಿಲ್ಲ.

ಕ್ಯೋಲೆ ಬರೆಯುವ ಹಿಂದಿನ ವರ್ಷ, 1958ರಲ್ಲಿ, ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾಗಿತ್ತು. ಮೈಸೂರಿನ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜು ಬಂದದ್ದು 1986ರಲ್ಲಿ. ಇಂದು ಓರೆಹಲ್ಲಿನ ತಜ್ಞರನ್ನು ಹುಡುಕಿಕೊಂಡು ಮೈಸೂರಿನವರು ರಾಜಧಾನಿಯ ರೈಲು ಹತ್ತಬೇಕಿಲ್ಲ.

ಶಸ್ತ್ರಕ್ಕಿಂತ ಅಗ್ಗದ ಉಪಾಯವೊಂದಿದೆ, ಅದಕ್ಕೆ ಪ್ರಚಾರ ಕಡಿಮೆ. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10ರಿಂದ 13 ವರ್ಷದ ಮಕ್ಕಳ ಹಾಲುಕೋರೆಯನ್ನು ಕಿತ್ತಾಗ, ದಾರಿ ತಪ್ಪಿದ್ದ 46 ಹಲ್ಲುಗಳಲ್ಲಿ 36 ತಾವಾಗಿಯೇ ಸರಿದಾರಿಗೆ ಬಂದವು. ಹತ್ತು ದಾಟಿದ ಮಗುವಿನ ಮೇಲ್ವಸಡನ್ನು ಹೊರಬದಿಯಿಂದ ಬೆರಳಲ್ಲಿ ಸವರಿದರೆ ಎರಡೂ ಕಡೆ ಕೋರೆಯ ಉಬ್ಬು ಸಿಗಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ದಂತವೈದ್ಯರಲ್ಲಿ ಎಕ್ಸ್-ರೇ ತೆಗೆಸಲು ಅದೇ ಸಮಯ.