ದಾರಿ ತೋರಿದವರು, ಕಣ್ಣಿಟ್ಟವರು

1888ರಲ್ಲಿ, ಲಂಡನ್ನಿನ ವಿಕ್ಟೋರಿಯಾ ಹೋಟೆಲಿನ ಒಂದು ಕೋಣೆ. ಆಗತಾನೇ ಹಡಗಿಳಿದು ಬಂದ ಹರೆಯದ ಹುಡುಗ ಮೋಹನದಾಸ ಗಾಂಧಿಯನ್ನು ನೋಡಲು ಡಾ. ಪ್ರಾಣಜೀವನ ಮೆಹ್ತಾ ಬಂದಿದ್ದಾರೆ. ಮಾತಿನ ನಡುವೆ ಹುಡುಗ ಅವರ ಎತ್ತರದ ಟೋಪಿಯನ್ನು ಕೈಗೆತ್ತಿಕೊಂಡು, ಎಷ್ಟು ನುಣುಪಾಗಿದೆ ನೋಡೋಣವೆಂದು ಕೈಯಾಡಿಸುತ್ತಾನೆ. ಆಡಿಸಿದ್ದು ಎದುರು ದಿಕ್ಕಿಗೆ. ಟೋಪಿಯ ನವಿರೆಲ್ಲ ಕೆದರಿ ನಿಲ್ಲುತ್ತದೆ. ಮೆಹ್ತಾ ಕೊಂಚ ಸಿಟ್ಟಿನಿಂದಲೇ ತಡೆಯುತ್ತಾರೆ, ಆಮೇಲೆ ನಾಲ್ಕು ಮಾತು ಹೇಳಿಕೊಡುತ್ತಾರೆ: ಬೇರೆಯವರ ವಸ್ತು ಮುಟ್ಟಬೇಡ, ಪರಿಚಯವಾದ ಕೂಡಲೇ ನಮ್ಮೂರಿನಂತೆ ಮನೆಮಠದ ವಿಚಾರ ಕೇಳಬೇಡ, ಗಟ್ಟಿಯಾಗಿ ಮಾತಾಡಬೇಡ, ಎಲ್ಲರನ್ನೂ 'ಸರ್' ಎನ್ನಬೇಡ, ಇಲ್ಲಿ ಹಾಗೆನ್ನುವವರು ಆಳುಗಳು, ಹೋಟೆಲು ದುಬಾರಿ, ಯಾವುದಾದರೂ ಸಂಸಾರದ ಜತೆ ಬಾಡಿಗೆಗಿರು. ಗಾಂಧಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಯುರೋಪಿನ ನಡವಳಿಕೆಯ ಮೊದಲ ಪಾಠವೆಂದು ನೆನೆದಿದ್ದಾರೆ. ಪರದೇಶಕ್ಕೆ ಓದಲು ಹೋದವರಿಗೆ ಬುದ್ಧಿ ಹೇಳುವ ಕೆಲಸಕ್ಕೂ ಒಂದು ಇತಿಹಾಸವಿದೆ. ಲಂಡನ್ನಿನಲ್ಲಿ 1870ರಿಂದ 1922ರವರೆಗೆ ನಡೆದದ್ದನ್ನು ಜೋಡಿಸಿ ನೋಡಿದರೆ ಒಂದು ಮಾತು ನಿಚ್ಚಳವಾಗುತ್ತದೆ. ಕೇಳದಿದ್ದರೂ ನಡೆಯುವಂತಿದ್ದರೆ ಅದು ಸಲಹೆ. ಕೇಳದಿದ್ದರೆ ಕೆಡುಕಾಗುವಂತಿದ್ದರೆ ಅದು ಅಪ್ಪಣೆ. ಇವೆರಡನ್ನೂ ಒಂದೇ ಕೈಯಲ್ಲಿ ಇಟ್ಟಾಗಲೆಲ್ಲ, ಎಷ್ಟು ಒಳ್ಳೆಯ ಸಲಹೆಯಾದರೂ ಹುಡುಗರ ಕಿವಿಗೆ ಬೀಳದೆ ಹೋಗಿದೆ.

ಅವರೆಲ್ಲ ಹೋದದ್ದಾದರೂ ಏಕೆ? ದೇಶ ನೋಡುವ ಆಸೆ ಒಂದಿಷ್ಟು ಇದ್ದೀತು, ಆದರೆ ಹೆಚ್ಚಿನವರನ್ನು ಹಡಗು ಹತ್ತಿಸಿದ್ದು ಸರ್ಕಾರದ ಕಟ್ಟಳೆ. ಐಸಿಎಸ್ ಪರೀಕ್ಷೆ 1922ರವರೆಗೂ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಬ್ಯಾರಿಸ್ಟರ್ ಆಗಬೇಕಾದರೆ ಅಲ್ಲಿನ ವಕೀಲರ ಸಂಘಗಳಾದ 'ಇನ್'ಗಳಲ್ಲಿ ಹನ್ನೆರಡು ಟರ್ಮು ಹಾಜರಿ ತುಂಬಬೇಕಿತ್ತು. ಆ ಹಾಜರಿಯನ್ನು ಎಣಿಸುತ್ತಿದ್ದದ್ದು ಪಾಠಗಳ ಮೇಲಲ್ಲ, ಊಟಗಳ ಮೇಲೆ. ಅಂದರೆ ಮನೆಯಲ್ಲಿ ಎಷ್ಟೇ ಓದಿಕೊಂಡರೂ ಆ ಊಟದ ಮೇಜಿಗೆ ಹೋಗಿ ಕೂರಲೇಬೇಕು. ಹೀಗೆ ಅನಿವಾರ್ಯವಾಗಿ ಹೋದವರ ಸಂಖ್ಯೆ ಮೊದಲು ಕೈಬೆರಳೆಣಿಕೆಯಷ್ಟಿದ್ದು, 1907ರ ಹೊತ್ತಿಗೆ ಸುಮಾರು 700ಕ್ಕೆ ಏರಿತು. ಅವರಿಗೆ ಬೇಕಾಗಿದ್ದ ತಿಳಿವಳಿಕೆ ಬಹಳ ಸಣ್ಣದು: ಕೋಣೆ ಎಲ್ಲಿ ಸಿಗುತ್ತದೆ, ವಾರಕ್ಕೆ ಎಷ್ಟು ಖರ್ಚು, ಚಳಿಗೆ ಏನು ಹೊದೆಯಬೇಕು, ಮಾಂಸ ತಿನ್ನದವನು ಏನು ತಿನ್ನಬೇಕು, ಯಾರೊಡನೆ ಹೇಗೆ ಮಾತಾಡಬೇಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯಲ್ಲಿ ಈ ಇಡೀ ಪಾಠ ಅಡಗಿದೆ.

ಊರಿನಿಂದ ಹೊರಡುವಾಗ ಸಿಗುತ್ತಿದ್ದ ಬುದ್ಧಿಮಾತು ಈ ಬಗೆಯದಾಗಿರಲಿಲ್ಲ. ಅಲ್ಲಿ ಮಾತಾಡುತ್ತಿದ್ದದ್ದು ಭಯ. ಕಡಲು ದಾಟಿದರೆ ಜಾತಿ ಕೆಡುತ್ತದೆಂದು ಮುಂಬಯಿಯ ಮೋಢ ಬನಿಯಾ ಪಂಚಾಯಿತಿ ಗಾಂಧಿಗೆ ಬಹಿಷ್ಕಾರ ಹಾಕಿತು. ಅವರಿಗೆ ನೆರವಾದವರು, ಬೀಳ್ಕೊಡಲು ಹಡಗುಕಟ್ಟೆಗೆ ಹೋದವರು ಒಂದು ರೂಪಾಯಿ ನಾಲ್ಕಾಣೆ ದಂಡ ಕಟ್ಟಬೇಕೆಂದು ಆಜ್ಞೆಯಾಯಿತು. ಮದ್ಯ, ಮಾಂಸ, ಹೆಣ್ಣು ಮುಟ್ಟುವುದಿಲ್ಲವೆಂದು ತಾಯಿ ಆಣೆ ಮಾಡಿಸಿಕೊಂಡು ಕಳಿಸಿದರು. ಎಪ್ಪತ್ತು ವರ್ಷ ಕಳೆದರೂ ಈ ಭಯ ಹೋಗಿರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಗಿರೀಶ ಕಾರ್ನಾಡ 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಾಗ, ಮಗ ಮರಳಿ ಬರುತ್ತಾನೋ ಇಲ್ಲವೋ, ಬಿಳಿಯ ಹುಡುಗಿಯನ್ನು ಮದುವೆಯಾಗಿಬಿಟ್ಟರೆ ಏನು ಗತಿ ಎಂದು ಮನೆಯವರು ಕಳವಳಪಟ್ಟರು. ಆ ಒತ್ತಡದ ವಾರಗಳಲ್ಲೇ, ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ಯುವಕನ ಕೈಯಿಂದ ಕನ್ನಡದಲ್ಲಿ 'ಯಯಾತಿ' ಬಂತು. ತಂದೆಯ ಆಸೆಗಾಗಿ ಮಗ ತನ್ನ ಯೌವನ ತೆರುವ ಕಥೆ ಅದು. ಮನೆಯವರ ಮಾತಿನ ಹಿಂದಿದ್ದ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಡಗಿನಿಂದ ಇಳಿದ ಮಾರನೆಯ ಬೆಳಗ್ಗೆ ಏನು ಮಾಡಬೇಕೆಂಬುದನ್ನು ಆಣೆ ಹೇಳಿಕೊಡುವುದಿಲ್ಲ.

ಈ ಕೊರತೆಯನ್ನು ಮೊದಲು ಕಂಡವರಲ್ಲಿ ಮೇರಿ ಕಾರ್ಪೆಂಟರ್ ಒಬ್ಬರು. ಕೇಶವಚಂದ್ರ ಸೇನ್ 1870ರಲ್ಲಿ ಇಂಗ್ಲೆಂಡಿಗೆ ಬಂದು ಹೋದ ಹುರುಪಿನಲ್ಲಿ ಆಕೆ ಬ್ರಿಸ್ಟಲ್ಲಿನಲ್ಲಿ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. 1877ರಲ್ಲಿ ಆಕೆ ತೀರಿಕೊಂಡ ಮೇಲೆ ಸಂಘದ ಭಾರ ಹೊತ್ತವರು ಎಲಿಜಬೆತ್ ಮ್ಯಾನಿಂಗ್. 1905ರಲ್ಲಿ ಕಣ್ಣು ಮುಚ್ಚುವವರೆಗೂ ಅವರ ಲಂಡನ್ ಮನೆಯ ಬಾಗಿಲು ಭಾರತದ ವಿದ್ಯಾರ್ಥಿಗಳಿಗೆ ತೆರೆದೇ ಇತ್ತು. 1889ರಲ್ಲಿ ಕಾನೂನು ಓದುವ ಕನಸು ಹೊತ್ತು ಪುಣೆಯಿಂದ ಬಂದ ಕೊರ್ನೇಲಿಯಾ ಸೊರಾಬ್ಜಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಸೇರುವ ಮುನ್ನ ತಂಗಿದ್ದು ಅಲ್ಲಿಯೇ. ಸಂಘ ಕೈಪಿಡಿಗಳನ್ನು ಅಚ್ಚು ಹಾಕಿಸಿತು, ಸಂಜೆಕೂಟಗಳನ್ನು ನಡೆಸಿತು, ಪರಿಚಯ ಮಾಡಿಸಿತು. ಆ ಕೂಟಗಳಲ್ಲಿ ದೊಡ್ಡವರು ಚಿಕ್ಕವರನ್ನು ತಿದ್ದುವ ಧೋರಣೆ ಇತ್ತೆಂಬುದು ನಿಜ. ಆದರೂ ಮ್ಯಾನಿಂಗರ ಮನೆಗೆ ಹೋಗದ ಹುಡುಗನಿಗೆ ಯಾವ ನಷ್ಟವೂ ಇರಲಿಲ್ಲ. ಬೇಕಾದವರು ಹೋದರು, ಬೇಡವಾದವರು ಬಿಟ್ಟರು.

ಇನ್ನೊಂದು ಬಗೆಯ ಸಲಹೆ ಹುಟ್ಟಿದ್ದು ಆ ದಾರಿ ನಡೆದವರಿಂದಲೇ. ಮದ್ರಾಸಿನ ಸಮುವೆಲ್ ಸತ್ಯನಾಥನ್ ತಮ್ಮ ಕೇಂಬ್ರಿಡ್ಜಿನ ನಾಲ್ಕು ವರ್ಷಗಳ ಬಗ್ಗೆ ಪುಸ್ತಕ ಬರೆದರು. ಗಾಂಧಿ 1893-94ರ ಹೊತ್ತಿಗೆ ದಕ್ಷಿಣ ಆಫ್ರಿಕದಲ್ಲಿ ಕೂತು ಲಂಡನ್ ಕೈಪಿಡಿಯೊಂದನ್ನು ಬರೆದರು. ಯಾರು ಹೋಗಬೇಕು, ಹೊರಡುವ ಮುನ್ನ ಏನೇನು ಸಿದ್ಧಮಾಡಿಕೊಳ್ಳಬೇಕು, ವಿದ್ಯಾರ್ಥಿಯ ಜೀವನಕ್ಕೆ ಎಷ್ಟು ಹಣ ಸಾಕು ಎಂಬುದೇ ಅದರ ವಸ್ತು. ಅವರು ಬದುಕಿರುವವರೆಗೆ ಅದು ಅಚ್ಚಾಗಲಿಲ್ಲ. ಸಮಗ್ರ ಕೃತಿಗಳ ಮೊದಲ ಸಂಪುಟದಲ್ಲಷ್ಟೇ ಬೆಳಕು ಕಂಡಿತು. ಆ ಕೈಪಿಡಿಯ ಹಿಂದೆ ಇದ್ದದ್ದು ಸ್ವಂತ ಹಸಿವಿನ ಅನುಭವ. ಬಾಡಿಗೆ ಮನೆಯ ಒಡತಿಗೆ ಮಾಂಸವಿಲ್ಲದ ಅಡುಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಎರಡು ಮೂರು ತುಂಡು ಬ್ರೆಡ್ಡಿಗಿಂತ ಹೆಚ್ಚು ಕೇಳಲು ಗಾಂಧಿಗೆ ನಾಚಿಕೆ. ಹೊಟ್ಟೆ ತುಂಬದೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಊಟದ ಮನೆಯನ್ನು ಕಂಡರು. ಮುಂದೆ ಒಂದೇ ಕೋಣೆ ಹಿಡಿದು, ಒಲೆ ಕೊಂಡು, ಬೆಳಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು ಕೋಕೋ ಮಾಡಿಕೊಂಡು, ಮಧ್ಯಾಹ್ನ ಮಾತ್ರ ಹೊರಗೆ ಉಂಡು, ಊಟದ ಖರ್ಚನ್ನು ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸ್‌ಗೆ ಇಳಿಸಿದರು. ಅಡುಗೆಗೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತಂತೆ. ಹೊಸದಾಗಿ ಹೋಗುವವನಿಗೆ ಇಂಥ ಒಂದು ಲೆಕ್ಕ ನೂರು ಉಪದೇಶಕ್ಕೆ ಸಮ. ಅದನ್ನು ಹಸಿದಿದ್ದವನೇ ಬರೆಯಬೇಕು.

ಹಾಗಾದರೆ ಈ ಸರಳ ವ್ಯವಹಾರಕ್ಕೆ ಸರ್ಕಾರ ಕೈಹಾಕಿದ್ದು ಏಕೆ? ಉತ್ತರ ರಾಜಕೀಯದಲ್ಲಿದೆ. 1905ರ ಜುಲೈ 1ರಂದು ಶ್ಯಾಮಜಿ ಕೃಷ್ಣವರ್ಮ ಉತ್ತರ ಲಂಡನ್ನಿನ ಹೈಗೇಟಿನಲ್ಲಿ 'ಇಂಡಿಯಾ ಹೌಸ್' ಎಂಬ ವಿದ್ಯಾರ್ಥಿನಿಲಯ ತೆರೆದರು. ಸುಮಾರು 25 ಹುಡುಗರಿಗೆ ಅಲ್ಲಿ ಜಾಗವಿತ್ತು, ಸ್ವರಾಜ್ಯದ ಮಾತಿಗೆ ಅಂಕೆಯಿರಲಿಲ್ಲ. ಮರುವರ್ಷ ಸಾವರ್ಕರ್ ಬಂದು ಸೇರಿದರು. ಇದರಿಂದ ಬೆಚ್ಚಿದ ಸರ್ಕಾರ 1907ರಲ್ಲಿ ಸರ್ ವಿಲಿಯಂ ಲೀ-ವಾರ್ನರ್, ಥಿಯೋಡರ್ ಮಾರಿಸನ್, ಕರ್ಜನ್ ವೈಲಿ ಇವರ ಸಮಿತಿಯೊಂದನ್ನು ನೇಮಿಸಿತು. ಭಾರತೀಯ ವಿದ್ಯಾರ್ಥಿಗಳ ಸ್ಥಿತಿಗತಿ ತಿಳಿಯುವುದು ಅದರ ಕೆಲಸ. ಆದರೆ ವಿದ್ಯಾರ್ಥಿಗಳ ಹಿತಕ್ಕೆಂದು ಬರೆದ ಆ ವರದಿಯನ್ನು ಆಗ ಪ್ರಕಟಿಸಲೇ ಇಲ್ಲ. ಹದಿನೈದು ವರ್ಷದ ಮೇಲೆ, 1922ರಲ್ಲಿ, ಭಾರತೀಯ ವಿದ್ಯಾರ್ಥಿಗಳ ಬಗ್ಗೆಯೇ ನೇಮಕವಾದ ಲಿಟ್ಟನ್ ಸಮಿತಿಯ ವರದಿಗೆ ಅನುಬಂಧವಾಗಿ ಅದು ಹೊರಬಿತ್ತು. ಒಬ್ಬನ ಒಳಿತಿಗೆ ಬರೆದ ಮಾತನ್ನು ಅವನಿಂದಲೇ ಬಚ್ಚಿಡಬೇಕಾಗಿ ಬಂದರೆ, ಅಲ್ಲಿ ಒಳಿತಿನ ಜತೆ ಬೇರೇನೋ ಬೆರೆತಿದೆ ಎಂದೇ ಅರ್ಥ.

ಆ ಸಮಿತಿಯ ಬೆನ್ನಲ್ಲೇ, 1909ರ ಏಪ್ರಿಲ್‌ನಲ್ಲಿ, ಭಾರತೀಯ ವಿದ್ಯಾರ್ಥಿಗಳಿಗೆಂದು ಸರ್ಕಾರದ ಮಾಹಿತಿ ಕಚೇರಿ ಶುರುವಾಯಿತು. ಮರುವರ್ಷ ಅದು ಕ್ರಾಮ್‌ವೆಲ್ ರಸ್ತೆಯ 21ನೇ ನಂಬರಿನ ಮನೆಗೆ ಬಂದಾಗ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ನೂ ಅದೇ ಸೂರಿನಡಿ ಸೇರಿತು. ಈ ನಡುವೆ, 1909ರ ಜುಲೈ 1ರ ರಾತ್ರಿ, ಇಂಡಿಯಾ ಹೌಸ್ ತೆರೆದು ಸರಿಯಾಗಿ ನಾಲ್ಕು ವರ್ಷಕ್ಕೆ, ಇಂಜಿನಿಯರಿಂಗ್ ವಿದ್ಯಾರ್ಥಿ ಮದನಲಾಲ್ ಧಿಂಗ್ರಾ ಸಮಿತಿಯ ಸದಸ್ಯರಾಗಿದ್ದ ಕರ್ಜನ್ ವೈಲಿಯವರನ್ನು ಗುಂಡಿಟ್ಟು ಕೊಂದ. ಅಡ್ಡ ಬಂದ ಡಾ. ಲಾಲ್‌ಕಾಕಾ ಕೂಡ ಸತ್ತರು. ಅದು ನಡೆದದ್ದು ಭಾರತೀಯರು ಇಂಗ್ಲಿಷರು ಬೆರೆಯಲೆಂದು ಅಸೋಸಿಯೇಷನ್ ಏರ್ಪಡಿಸಿದ್ದ ಸಂತೋಷಕೂಟದಲ್ಲಿ. ಅಲ್ಲಿಂದ ಮುಂದೆ ಪ್ರತಿ ಹುಡುಗನ ಮೇಲೂ ಗುಮಾನಿ. ಕಾಲೇಜುಗಳಿಗೂ ಇನ್‌ಗಳಿಗೂ ಶಿಫಾರಸು ಪತ್ರ ಬೇಕಾಯಿತು. ಪತ್ರ ಕೊಡುವವರು, ಕೋಣೆಯ ವಿಳಾಸ ಕೊಡುವವರು, ತಂದೆ ಕೇಳಿದರೆ ಮಗನ ಹಣಕಾಸು ನೋಡಿಕೊಂಡು ನಡತೆಯ ವರದಿ ಕಳಿಸುವವರು ಎಲ್ಲ ಒಬ್ಬರೇ ಆದರು. ವಿದ್ಯಾರ್ಥಿಗಳು ಆ ಮನೆಯನ್ನು ಗೂಢಚಾರರ ಠಾಣೆಯೆಂದೇ ತಿಳಿದು ದೂರವಿಟ್ಟರು.

ಕಚೇರಿ ನಡೆಸಿದವರೇ ಕೆಟ್ಟವರು ಎಂದು ಇದಕ್ಕೆ ಸುಲಭದ ವಿವರಣೆ ಕೊಡಬಹುದು. ಆದರೆ ಸಾಕ್ಷ್ಯ ಅದಕ್ಕೆ ಒಪ್ಪುವುದಿಲ್ಲ. ಮೊದಲ ಸಲಹೆಗಾರರಾಗಿ ಬಂದ ಟಿ. ಡಬ್ಲ್ಯು. ಆರ್ನಾಲ್ಡ್ ಅಲೀಗಢದಲ್ಲೂ ಲಾಹೋರಿನಲ್ಲೂ ಪಾಠ ಹೇಳಿ ಶಿಷ್ಯರ ಪ್ರೀತಿ ಗಳಿಸಿದ್ದ ವಿದ್ವಾಂಸರು. ಅವರು ಲಾಹೋರು ಬಿಟ್ಟಾಗ ಶಿಷ್ಯ, ಕವಿ ಇಕ್ಬಾಲ್ ಅಗಲಿಕೆಯ ನೋವಿನಲ್ಲಿ ಒಂದು ಕವನವನ್ನೇ ಬರೆದಿದ್ದರು, ಮುಂದೆ ತಾವೂ ಕೇಂಬ್ರಿಡ್ಜಿಗೆ ಹೋದರು. ಅಂಥ ಗುರು ಆ ಕುರ್ಚಿಯಲ್ಲಿ ಕೂತರೂ ಕಚೇರಿಯ ಮೇಲಿನ ಅಪನಂಬಿಕೆ ಹೋಗಲಿಲ್ಲ. ಹಾಗಿದ್ದಮೇಲೆ ದೋಷ ಕುರ್ಚಿಯದು, ಕೂತವರದಲ್ಲ. ದಾರಿ ತೋರುವ ಕೈಯೇ ಹೆಜ್ಜೆಗಳ ಲೆಕ್ಕವನ್ನೂ ಬರೆದಿಟ್ಟುಕೊಳ್ಳುತ್ತಿದ್ದರೆ ಯಾರು ತಾನೇ ದಾರಿ ಕೇಳಿಯಾರು?

ಇದಕ್ಕೆ ಎದುರು ವಾದಗಳಿವೆ, ಅವು ತಳ್ಳಿಹಾಕುವಂಥವಲ್ಲ. ಹರೆಯದ ಹುಡುಗರು ಸಾಲದಲ್ಲಿ ಮುಳುಗುವುದು, ಮೋಸಹೋಗುವುದು ನಿಜವಾಗಿತ್ತು. ಸಾವಿರಾರು ಮೈಲಿ ದೂರದ ತಂದೆತಾಯಿಗೆ ಒಂದು ಆಸರೆ ಬೇಕಿತ್ತು. ಒಪ್ಪಬೇಕಾದ ಮಾತು. ಆದರೆ ಆಸರೆಗಾಗಿ ಕಟ್ಟಿದ್ದರಿಂದ ಹುಡುಗರೇ ದೂರ ಸರಿದರೆ ಅದು ಆಸರೆಯಾಗಿ ಉಳಿಯುವುದಿಲ್ಲ. ಜತೆಗಾರರ ಸಲಹೆಯೂ ಹಳ್ಳ ಹಿಡಿಸಬಲ್ಲದು ಎಂಬುದು ಇನ್ನೊಂದು ವಾದ. ಅದಕ್ಕೂ ಗಾಂಧಿಯೇ ಸಾಕ್ಷಿ. ಮಾಂಸ ತಿನ್ನೆಂದು ಗೆಳೆಯ ಬೆನ್ನುಬಿದ್ದ. ಸಭ್ಯ ಇಂಗ್ಲಿಷನಾಗುವ ಹುಚ್ಚಿನಲ್ಲಿ ಅವರು 19 ಶಿಲಿಂಗಿನ ಟೋಪಿ, 10 ಪೌಂಡಿನ ಸಂಜೆಯ ಸೂಟು ಕೊಂಡರು, ನೃತ್ಯಕ್ಕೂ ಪಿಟೀಲಿಗೂ ಹಣ ಸುರಿದರು. ಆದರೆ ಈ ದಾರಿ ತಪ್ಪೆಂದು ಕಂಡಾಗ ತಾವೇ ಬಿಟ್ಟು ಮರಳಲು ಅವರಿಗೆ ಯಾರ ಅನುಮತಿಯೂ ಬೇಕಾಗಲಿಲ್ಲ. ಗೆಳೆಯನ ಮಾತು ಮೀರಿದ್ದಕ್ಕೆ ಯಾವ ಕಡತದಲ್ಲೂ ಅವರ ಹೆಸರು ಏರಲಿಲ್ಲ. ಸ್ನೇಹಿತರ ಸಲಹೆಯೂ ತಪ್ಪಬಹುದು, ಆದರೆ ಅದನ್ನು ತಿದ್ದಿಕೊಳ್ಳಲು ಜಾಗವಿರುತ್ತದೆ. ಅದರ ಹಿರಿಮೆಯೇ ಅದು.

ನಂಬಿಕೆಯ ಮೇಲೆ ಕಟ್ಟಿದ್ದು ಬಾಳುತ್ತದೆಂಬುದಕ್ಕೆ ಅದೇ ಲಂಡನ್ನಿನಲ್ಲಿ ಉದಾಹರಣೆಯಿದೆ. ಸೇಲಂ ಸೀಮೆಯ ಕೆ. ಟಿ. ಪಾಲ್ ಅವರ ಮುಂದಾಳುತನದಲ್ಲಿ ಭಾರತೀಯ ವೈಎಂಸಿಎ 1920ರಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಹಾಸ್ಟೆಲು ತೆರೆಯಿತು. ಕ್ರೈಸ್ತ ಸಂಸ್ಥೆಯದಾದರೂ ಎಲ್ಲ ಧರ್ಮದವರಿಗೂ ಅಲ್ಲಿ ಜಾಗವಿತ್ತು. ಊರಿನ ಊಟ, ಚರ್ಚೆ, ಹೊಸಬನಿಗೆ ದಾರಿ ಹೇಳುವ ಹಳಬ, ನಡೆಸುತ್ತಿದ್ದವರು ನಮ್ಮವರೇ. ಎರಡನೆಯ ಮಹಾಯುದ್ಧದಲ್ಲಿ ಅದರ ಕಟ್ಟಡ ಬಾಂಬಿಗೆ ತುತ್ತಾಯಿತು. ಆಮೇಲೆ ಫಿಟ್ಜ್‌ರಾಯ್ ಚೌಕದಲ್ಲಿ ಹೊಸದಾಗಿ ಎದ್ದು ಇಂದಿಗೂ ನಡೆಯುತ್ತಿದೆ. ಸರ್ಕಾರದ ಹಣ, ಅಧಿಕಾರ ಎರಡೂ ಇದ್ದ ಕಚೇರಿ ಹುಡುಗರ ಸಂಶಯ ದಾಟಲಾರದೆ ಹೋಯಿತು. ಒಂದು ಊಟದ ಮೇಜು ಶತಮಾನ ದಾಟಿತು.

ಇವೆಲ್ಲ ಹಳೆಯ ಕಥೆ, ಈಗ ಕೋಣೆ, ಬ್ಯಾಂಕು, ಬಸ್ಸು ಎಲ್ಲದರ ಮಾಹಿತಿ ಮೊಬೈಲಿನಲ್ಲೇ ಸಿಗುತ್ತದೆ ಎನ್ನಬಹುದು. ಮಾಹಿತಿ ಬೆಳೆದಿದೆ, ನಿಜ. ಹೇಳುವವನ ಹಿತ ಯಾವುದು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿಶ್ವವಿದ್ಯಾಲಯದಿಂದ ಕಮಿಷನ್ ಪಡೆಯುವ ಏಜೆಂಟನೇ ಇಂದು ನಮ್ಮ ಊರುಗಳಲ್ಲಿ ಮೊದಲ ಸಲಹೆಗಾರ. ಬ್ರಿಟನ್ನಿನಲ್ಲಿ 2009ರಿಂದ, ಎಂದರೆ ಆರ್ನಾಲ್ಡರ ಕಚೇರಿ ತೆರೆದು ಸರಿಯಾಗಿ ನೂರು ವರ್ಷಕ್ಕೆ, ವೀಸಾಕ್ಕೆ ಹೊಣೆ ಹೊತ್ತ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳ ಮೇಲೆ ನಿಗಾ ಇಟ್ಟು, ತರಗತಿ ತಪ್ಪಿಸಿದವರ ವಿಷಯ ಗೃಹ ಇಲಾಖೆಗೆ ತಿಳಿಸಬೇಕೆಂಬ ನಿಯಮ ಬಂತು. ಮನಸ್ಸು ಕುಗ್ಗಿ ಮೂರು ವಾರ ಕೋಣೆಯಿಂದ ಹೊರಬರದ ಹುಡುಗಿ, ತನ್ನ ಹಾಜರಿ ಎಣಿಸುವ ಸಂಸ್ಥೆಯ ಬಾಗಿಲನ್ನೇ ನೆರವಿಗೆ ತಟ್ಟಬೇಕು. ಅವಳು ಹಿಂಜರಿದರೆ ಅದು ಅವಳ ತಪ್ಪಲ್ಲ. ಕ್ರಾಮ್‌ವೆಲ್ ರಸ್ತೆಯ ಪಾಠವನ್ನು ಓದದವರ ತಪ್ಪು.

ಆದ್ದರಿಂದ ಹೊರಡುವವರಿಗೆ ಈ ಇತಿಹಾಸ ಕೊಡುವ ಸಲಹೆ ಚಿಕ್ಕದು: ಯಾರು ಏನೇ ಹೇಳಲಿ, ಕೇಳದಿದ್ದರೆ ನನಗೇನು ನಷ್ಟ, ಕೇಳಿದರೆ ಅವರಿಗೇನು ಲಾಭ ಎಂದು ಮೊದಲು ವಿಚಾರಿಸಿಕೊಳ್ಳಿ. ಹೋಗಿ ನೆಲೆನಿಂತವರಿಗೆ ಅದು ಒಪ್ಪಿಸುವ ಹೊಣೆ ಇನ್ನೂ ದೊಡ್ಡದು. ಮೆಹ್ತಾ ಒಂದು ಸಂಜೆ ಬಿಡುವು ಮಾಡಿಕೊಂಡು ಬಂದದ್ದರಿಂದ ಒಬ್ಬ ಹುಡುಗ ಹಲವು ಮುಜುಗರಗಳಿಂದ ಪಾರಾದ. ಇನ್ನೊಂದು ತುಂಡು ಬ್ರೆಡ್ಡು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲವೆಂದು ಹೇಳುವವರು ಇಲ್ಲದ್ದರಿಂದ ಅದೇ ಹುಡುಗ ವಾರಗಟ್ಟಲೆ ಹಸಿದ. ಆ ಮಾತನ್ನು ಹೇಳಲು ಅಧಿಕಾರ ಬೇಡ, ಕಚೇರಿ ಬೇಡ. ತಾನೂ ಒಮ್ಮೆ ಕೇಳಲು ನಾಚಿದ್ದೆನೆಂಬ ನೆನಪೊಂದಿದ್ದರೆ ಸಾಕು.